ಫಿಲಿಪ್‌ಗೊಂದು ಮನೆ ಹುಡುಕಿಕೊಟ್ಟ ತರಗತಿ

ಅಮೆರಿಕದ ಬಾಸ್ಟನ್ ನಗರಕ್ಕೂ ಅದರ ಮಗ್ಗುಲಿನ ಕೇಂಬ್ರಿಜ್‌ಗೂ ನಡುವೆ ಚಾರ್ಲ್ಸ್ ನದಿ ಹರಿಯುತ್ತದೆ. ಹರಿಯುತ್ತದೆ ಎನ್ನುವುದಕ್ಕಿಂತ ನಿಂತಿದೆ ಎನ್ನುವುದೇ ಸರಿ. ಅಣೆಕಟ್ಟಿನ ಹಿಂದಿನ ಈ ಭಾಗದಲ್ಲಿ ಅದು ನಮ್ಮ ದೊಡ್ಡ ಕೆರೆಗಳಂತೆ ಅಗಲವಾಗಿ ಹರಡಿಕೊಂಡಿದೆ. ಬೇಸಿಗೆಯಲ್ಲಿ ಬಿಳಿ ಹಾಯಿಯ ದೋಣಿಗಳು, ಕಡು ಚಳಿಯಲ್ಲಿ ಹೆಪ್ಪುಗಟ್ಟಿದ ನೀರು. ಮಕ್ಕಳನ್ನು ಓದಿಗೆ ಬಿಡಲೋ, ಪದವಿ ಪ್ರದಾನ ಸಮಾರಂಭ ನೋಡಲೋ ಬರುವ ನಮ್ಮವರು ಸಾಮಾನ್ಯವಾಗಿ ಈ ನದಿಯನ್ನು ಕಾರಿನಲ್ಲೋ ರೈಲಿನಲ್ಲೋ ದಾಟಿಬಿಡುತ್ತಾರೆ. ದಾಟಬೇಕಾದದ್ದು ಕಾಲ್ನಡಿಗೆಯಲ್ಲಿ, ಅದೂ ಹಾರ್ವರ್ಡ್ ಸೇತುವೆಯ ಮೇಲೆ.

ಹೆಸರು ಹಾರ್ವರ್ಡ್ ಎಂದಿದ್ದರೂ ಸೇತುವೆ ನಮ್ಮನ್ನು ತಂದು ಬಿಡುವುದು ಎಂ.ಐ.ಟಿ.ಯ ಬಾಗಿಲಿಗೆ. ನಮ್ಮ ಮಣಿಪಾಲದ ಎಂ.ಐ.ಟಿ. ಅಲ್ಲ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ. ನಡೆಯುತ್ತ ಕೆಳಗೆ ನೋಡಿದರೆ ಕಾಲುದಾರಿಯ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳು ಕಾಣುತ್ತವೆ: 10, 20, 30... ಇವು ಅಡಿಯೂ ಅಲ್ಲ, ಮೀಟರೂ ಅಲ್ಲ, ‘ಸ್ಮೂಟ್’ಗಳು. 1958ರಲ್ಲಿ ವಿದ್ಯಾರ್ಥಿಗಳ ಗುಂಪೊಂದು ಆಲಿವರ್ ಸ್ಮೂಟ್ ಎಂಬ ಹೊಸ ಹುಡುಗನನ್ನು ಉದ್ದಕ್ಕೂ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ಸೇತುವೆಯನ್ನು ಅಳೆಯಿತು. ಹುಡುಗನ ಎತ್ತರ 5 ಅಡಿ 7 ಅಂಗುಲ. ಸೇತುವೆಯ ಉದ್ದ 364.4 ಸ್ಮೂಟ್, ಮೇಲೆ ಒಂದು ಕಿವಿ! ನಡುಮಧ್ಯದ ಗುರುತಿನ ಬಳಿ ‘ನರಕಕ್ಕೆ ಅರ್ಧ ದಾರಿ’ ಎಂಬರ್ಥದ ಬರಹವೂ ಎಂ.ಐ.ಟಿ.ಯ ಕಡೆಗೆ ತೋರಿಸುವ ಬಾಣವೂ ಇವೆ. ಪರೀಕ್ಷೆಯ ಕಾಟ ಎಲ್ಲ ಊರಿನ ವಿದ್ಯಾರ್ಥಿಗಳಿಗೂ ಒಂದೇ. ಅಳತೆಗೋಲಾಗಿದ್ದ ಆ ಹುಡುಗನೇ ಮುಂದೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಅಧ್ಯಕ್ಷರಾದರು ಎಂಬುದು ಕತೆಯ ಬಾಲ. 2011ರಲ್ಲಿ ‘ಅಮೆರಿಕನ್ ಹೆರಿಟೇಜ್’ ನಿಘಂಟು ‘ಸ್ಮೂಟ್’ ಎಂಬ ಪದಕ್ಕೆ ತನ್ನ ಪುಟಗಳಲ್ಲಿ ಜಾಗ ಕೊಟ್ಟಿತು.

ಎಂಜಿನಿಯರುಗಳ ಈ ಊರು ಹೀಗೆ ತಮಾಷೆಯಲ್ಲೇ ಭಾಷೆಗೊಂದು ಪದ ಸೇರಿಸಿತು. ಆದರೆ ಭಾಷೆಯ ವಿಷಯದಲ್ಲಿ ಇಲ್ಲಿ ನಡೆದ ನಿಜವಾದ ಕೆಲಸ ತಮಾಷೆಯದಲ್ಲ. ಕಂಪ್ಯೂಟರು, ಚಲಿಸುವ ಚಿತ್ರ, ಧ್ವನಿ ಇವನ್ನೆಲ್ಲ ಒಟ್ಟುಗೂಡಿಸಿ ಕಾಲೇಜಿನ ಹುಡುಗರಿಗೆ ಭಾಷೆ ಕಲಿಸಬಹುದೇ, ಬರೆಯುವುದನ್ನು ಕಲಿಸಬಹುದೇ ಎಂಬ ಪ್ರಶ್ನೆಯನ್ನು ಬಹಳ ಮುಂಚೆಯೇ, ಬಹಳ ಗಂಭೀರವಾಗಿ ಕೇಳಿದ ಜಾಗಗಳಲ್ಲಿ ಇದೂ ಒಂದು. ಪ್ರವಾಸಿಗಳ ಪಟ್ಟಿಯಲ್ಲಿ ಇಲ್ಲದ ಆ ಕತೆಯನ್ನು ಹುಡುಕಿಕೊಂಡು ಒಂದು ಸುತ್ತು ಹಾಕೋಣ.

ಸುತ್ತಿಗೆಯ ಪಕ್ಕದಲ್ಲಿ ಪುಸ್ತಕ

ಎಂ.ಐ.ಟಿ. ಬಾಸ್ಟನ್‌ನಿಂದ ನದಿ ದಾಟಿ ಈ ದಡಕ್ಕೆ ಬಂದದ್ದು 1916ರಲ್ಲಿ. ನದಿಗೆ ಮುಖ ಮಾಡಿ ನಿಂತಿರುವ ದೊಡ್ಡ ಗುಮ್ಮಟ, ಅದರ ಮುಂದೆ ಹುಲ್ಲುಹಾಸು, ಎರಡೂ ಬದಿ ಸುಣ್ಣಕಲ್ಲಿನ ಕಟ್ಟಡಗಳು. ಗೋಡೆಯ ನೆತ್ತಿಯಲ್ಲಿ ಅರಿಸ್ಟಾಟಲ್, ನ್ಯೂಟನ್, ಡಾರ್ವಿನ್ ಮುಂತಾದವರ ಹೆಸರು ಕೆತ್ತಿದ್ದಾರೆ. ಮೆಸಾಚುಸೆಟ್ಸ್ ರಸ್ತೆಯ 77ನೆಯ ಸಂಖ್ಯೆಯ ಬಾಗಿಲಿನಿಂದ ಒಳಹೊಕ್ಕರೆ ‘ಅನಂತ ಪಡಸಾಲೆ’ ಎಂದು ಹೆಸರಾದ ನೇರವಾದ ಹಜಾರ. ಉದ್ದ 251 ಮೀಟರ್. ವರ್ಷದಲ್ಲಿ ಎರಡು ಸಲ, ನವೆಂಬರ್ ನಡುವಿನಲ್ಲಿ ಮತ್ತು ಜನವರಿಯ ಕೊನೆಗೆ, ಮುಳುಗುವ ಸೂರ್ಯನ ಬೆಳಕು ಈ ಹಜಾರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯುತ್ತದೆ. ನಮ್ಮ ಗವಿಗಂಗಾಧರೇಶ್ವರನ ಸಂಕ್ರಾಂತಿಯ ಬೆಳಕು ನೋಡಿದವರಿಗೆ ಇದರ ಸೊಗಸನ್ನು ವಿವರಿಸಬೇಕಿಲ್ಲ.

ಇಲ್ಲಿ ಕಟ್ಟಡಗಳನ್ನು ಹೆಸರಿಗಿಂತ ಹೆಚ್ಚಾಗಿ ಅಂಕಿಯಿಂದಲೇ ಕರೆಯುವ ಪದ್ಧತಿ. ಹತ್ತನೆಯದು, ನಾಲ್ಕನೆಯದು, ಐವತ್ನಾಲ್ಕನೆಯದು. ಆದರೆ ಸಂಸ್ಥೆಯ ಮುದ್ರೆಯನ್ನೊಮ್ಮೆ ಗಮನಿಸಿ: ಒಂದು ಕಡೆ ಸುತ್ತಿಗೆ ಹಿಡಿದ ಕಮ್ಮಾರ, ಇನ್ನೊಂದು ಕಡೆ ಪುಸ್ತಕ ಹಿಡಿದ ವಿದ್ವಾಂಸ. ಕೆಳಗೆ ಲ್ಯಾಟಿನ್‌ನಲ್ಲಿ ‘ಮನಸ್ಸು ಮತ್ತು ಕೈ’ ಎಂಬ ಧ್ಯೇಯವಾಕ್ಯ.

ಪುಸ್ತಕ ಬರೀ ಅಲಂಕಾರಕ್ಕಲ್ಲ. ಇಲ್ಲಿ ಪದವಿಗೆ ಸೇರುವ ಪ್ರತಿಯೊಬ್ಬನೂ, ಅವನು ರಾಕೆಟ್ ಕಟ್ಟುವವನಾಗಲಿ ಜೀನು ಕತ್ತರಿಸುವವನಾಗಲಿ, ಸಾಹಿತ್ಯ, ಕಲೆ, ಭಾಷೆ, ಸಮಾಜವಿಜ್ಞಾನ ಇಂಥವುಗಳಲ್ಲಿ ಎಂಟು ವಿಷಯಗಳನ್ನು ಓದಲೇಬೇಕು. ಅದೂ ಸಾಲದೆಂದು 2001ರಲ್ಲಿ ಸೇರಿದ ತಂಡದಿಂದ ಹಿಡಿದು, ಬರವಣಿಗೆ ಮತ್ತು ಮಾತುಗಾರಿಕೆಗೆ ಒತ್ತು ಕೊಡುವ ನಾಲ್ಕು ವಿಷಯಗಳೂ ಕಡ್ಡಾಯ. ಇವುಗಳಲ್ಲಿ ಎರಡನ್ನು ತನ್ನ ಸ್ವಂತ ಶಾಸ್ತ್ರದೊಳಗೇ ತೆಗೆದುಕೊಳ್ಳಬೇಕು. ಯಂತ್ರಶಾಸ್ತ್ರದವನು ಯಂತ್ರಶಾಸ್ತ್ರದವನ ಹಾಗೆ ಬರೆಯಲು ಕಲಿಯಬೇಕು. ಬರೆದದ್ದನ್ನು ಮೇಷ್ಟ್ರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ; ತಿದ್ದಿಸಿಕೊಂಡು ಮತ್ತೆ ಬರೆಯಬೇಕು.

‘ಎಂಜಿನಿಯರಿಂಗ್ ಸೇರಿದ ಮೇಲೆ ಭಾಷೆ ಗೀಷೆ ಯಾಕೆ?’ ಎನ್ನುವ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಪಿ.ಯು.ಸಿ.ಯಲ್ಲಿ ಭಾಷಾ ಪತ್ರಿಕೆಯ ಹಿಂದಿನ ದಿನವಷ್ಟೇ ಪುಸ್ತಕ ತೆರೆಯುವ ಮಕ್ಕಳೂ ಇದ್ದಾರೆ, ಅದನ್ನು ಒಪ್ಪುವ ಅಪ್ಪ-ಅಮ್ಮಂದಿರೂ ಇದ್ದಾರೆ. ಅಂಥವರು ಕನಸು ಕಾಣುವ ಸಂಸ್ಥೆಯೇ ಹೀಗೆ ಕಟ್ಟುನಿಟ್ಟು ಮಾಡಿದೆ ಎಂಬುದನ್ನು ಗಮನಿಸುವುದು ಒಳ್ಳೆಯದು.

ಹದಿನಾಲ್ಕನೆಯ ಕಟ್ಟಡ

ಗುಮ್ಮಟದಿಂದ ಪೂರ್ವಕ್ಕೆ, ನದಿಯ ದಡದ ರಸ್ತೆಗೇ ಅಂಟಿಕೊಂಡಂತೆ ಇರುವುದು ಹದಿನಾಲ್ಕನೆಯ ಕಟ್ಟಡ. ಹೇಡನ್ ಗ್ರಂಥಾಲಯ ಇರುವುದು ಇಲ್ಲಿಯೇ. ಕಿಟಕಿಯ ಬಳಿ ಕುಳಿತರೆ ಓದುವುದೋ ನದಿ ನೋಡುವುದೋ ಎಂಬ ಸಂದಿಗ್ಧ. ಇದೇ ಕಟ್ಟಡದಲ್ಲಿ ಭಾಷಾ ವಿಭಾಗವೂ ಇದೆ. ಹತ್ತಿರದ ಅಂಗಳದಲ್ಲಿ ಅಲೆಕ್ಸಾಂಡರ್ ಕಾಲ್ಡರ್ ರೂಪಿಸಿದ ಉಕ್ಕಿನ ಭಾರೀ ಶಿಲ್ಪ. ಹೆಸರು ಫ್ರೆಂಚಿನಲ್ಲಿ, ಅರ್ಥ ‘ದೊಡ್ಡ ಹಾಯಿ’.

1983ರಲ್ಲಿ ಎಂ.ಐ.ಟಿ. ‘ಅಥೀನಾ’ ಎಂಬ ಯೋಜನೆಗೆ ಕೈಹಾಕಿತು. ಅಥೀನಾ ಗ್ರೀಕರ ವಿದ್ಯಾದೇವತೆ. ನಮ್ಮ ಸರಸ್ವತಿ ಇದ್ದ ಹಾಗೆ. ಡಿಜಿಟಲ್ ಇಕ್ವಿಪ್‌ಮೆಂಟ್ ಮತ್ತು ಐ.ಬಿ.ಎಂ. ಕಂಪನಿಗಳ ನೆರವಿನಿಂದ, ಕಂಪ್ಯೂಟರನ್ನು ಪ್ರಯೋಗಶಾಲೆಯ ಬೀಗದ ಕೋಣೆಯಿಂದ ಹೊರತಂದು ಎಲ್ಲ ವಿದ್ಯಾರ್ಥಿಗಳ ಕೈಗೂ ಎಟಕಿಸುವುದು ಗುರಿ. ಯೋಜನೆ 1991ರವರೆಗೆ ನಡೆಯಿತು. ಇಂದಿನ ಕಂಪ್ಯೂಟರ್ ಜಾಲಗಳಲ್ಲಿ ಬಳಕೆಯಾಗುವ ಕೆಲವು ಮೂಲಭೂತ ತಂತ್ರಗಳು ಹುಟ್ಟಿದ್ದು ಇದರ ಹೊಟ್ಟೆಯಲ್ಲೇ.

ಇಂಥ ಯೋಜನೆಯಲ್ಲಿ ಭಾಷಾ ಮೇಷ್ಟ್ರುಗಳಿಗೇನು ಕೆಲಸ? ಆ ಕಾಲಕ್ಕೆ ಕಂಪ್ಯೂಟರಿನಲ್ಲಿ ಭಾಷೆ ಕಲಿಸುವುದು ಎಂದರೆ ಬಿಟ್ಟ ಸ್ಥಳ ತುಂಬಿಸುವುದು, ಕ್ರಿಯಾಪದದ ರೂಪ ಬರೆಸುವುದು, ತಪ್ಪಿದರೆ ‘ಕುಂಯ್’ ಎನ್ನುವುದು. ಮಗ್ಗಿ ಒಪ್ಪಿಸಿದಂತೆ. ಅಥೀನಾದ ಭಾಷಾ ಕಲಿಕೆ ಯೋಜನೆಯ ಹೊಣೆ ಹೊತ್ತ ಜಾನೆಟ್ ಮರ್ರೆ ಅವರಿಗೆ ಇದು ಸಾಲದೆನಿಸಿತು. ಅವರು ಒಂದು ಕಾಲಕ್ಕೆ ಐ.ಬಿ.ಎಂ.ನಲ್ಲಿ ಪ್ರೋಗ್ರಾಮರ್ ಆಗಿದ್ದವರು. ಆಮೇಲೆ ಹಾರ್ವರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದವರು. ಸುತ್ತಿಗೆಯೂ ಗೊತ್ತು, ಪುಸ್ತಕವೂ ಗೊತ್ತು. ಅವರೊಡನೆ ಫ್ರೆಂಚ್ ಕಲಿಸುತ್ತಿದ್ದ ಜಿಲ್ಬೆರ್ತ್ ಫರ್ಸ್ಟೆನ್‌ಬರ್ಗ್ ಇದ್ದರು. ಭಾಷೆಯನ್ನು ಕತೆಯೊಳಗೆ ಇಡೋಣ, ಕತೆಯೊಳಗೆ ವಿದ್ಯಾರ್ಥಿಯನ್ನೂ ಇಡೋಣ ಎಂದು ಅವರು ಹೊರಟರು.

ಹಾಗೆ ಹುಟ್ಟಿದವನು ಫಿಲಿಪ್.

ಪ್ಯಾರಿಸ್‌ನಲ್ಲಿ ಬಾಡಿಗೆ ಮನೆ

ಫಿಲಿಪ್ ಪ್ಯಾರಿಸ್‌ನ ಒಬ್ಬ ಯುವ ಪತ್ರಕರ್ತ. ಗೆಳತಿ ಎಲಿಜಬೆತ್ ಜೊತೆ ಜಗಳವಾಗಿ ಮನೆಯಿಂದ ಹೊರಬಿದ್ದಿದ್ದಾನೆ. ಈಗ ಅವನಿಗೊಂದು ಮನೆ ಬೇಕು, ತುರ್ತಾಗಿ. ಕೈಯಲ್ಲಿ ದುಡ್ಡು ಹೆಚ್ಚಿಲ್ಲ. ಹುಡುಕಿಕೊಡಬೇಕಾದವರು ನೀವು, ಅಂದರೆ ಫ್ರೆಂಚ್ ತರಗತಿಯ ವಿದ್ಯಾರ್ಥಿ. ಪ್ಯಾರಿಸ್‌ನಲ್ಲೇ, ನಟರನ್ನಿಟ್ಟು ಚಿತ್ರೀಕರಿಸಿದ ಈ ಕತೆಯ ಹೆಸರು ‘ಆ ಲಾ ರಾಂಕೋಂತ್ರ್ ದ ಫಿಲಿಪ್’. ಫಿಲಿಪ್‌ನನ್ನು ಭೇಟಿಯಾಗಲು ಎಂದು ಅರ್ಥ.

ಚಿತ್ರ ಇದ್ದದ್ದು ವಿಡಿಯೋ ಡಿಸ್ಕಿನಲ್ಲಿ. ಹಳೆಯ ಗ್ರಾಮಫೋನ್ ತಟ್ಟೆಯಷ್ಟು ದೊಡ್ಡದಾದ, 30 ಸೆಂಟಿಮೀಟರ್ ಅಗಲದ, ಹೊಳೆಯುವ ತಟ್ಟೆ ಅದು. ಒಂದು ಮಗ್ಗುಲಿನಲ್ಲಿ ಅರ್ಧ ಗಂಟೆಯ ಚಿತ್ರ, ಅಂದರೆ 54,000 ಬಿಡಿ ಚೌಕಟ್ಟುಗಳು. ಪ್ರತಿ ಚೌಕಟ್ಟಿಗೂ ಒಂದು ಸಂಖ್ಯೆ. ಕಂಪ್ಯೂಟರು ಕೇಳಿದ ಸಂಖ್ಯೆಗೆ ಯಂತ್ರ ತಟ್ಟನೆ ಹಾರುತ್ತಿತ್ತು. ಟೇಪಿನಂತೆ ಹಿಂದೆ ಮುಂದೆ ಸುತ್ತಬೇಕಿಲ್ಲ. ಇದರಿಂದಲೇ ಕತೆ ಕವಲೊಡೆಯುವುದು ಸಾಧ್ಯವಾಯಿತು. ವಿದ್ಯಾರ್ಥಿ ಈ ಮನೆ ನೋಡುತ್ತಾನೋ ಆ ಮನೆ ನೋಡುತ್ತಾನೋ ಎಂಬುದರ ಮೇಲೆ ಮುಂದಿನ ದೃಶ್ಯ. ಕತೆಗೆ ಇದ್ದದ್ದೂ ಒಂದೇ ಅಂತ್ಯವಲ್ಲ, ಹಲವು.

ವಿದ್ಯಾರ್ಥಿ ಪತ್ರಿಕೆಯ ‘ಬಾಡಿಗೆಗೆ ಇದೆ’ ಜಾಹೀರಾತು ಓದಬೇಕು. ದೂರವಾಣಿಯ ಉತ್ತರಯಂತ್ರದಲ್ಲಿ ಯಾರು ಯಾರು ಏನು ಹೇಳಿಟ್ಟಿದ್ದಾರೆ ಎಂದು ಕೇಳಬೇಕು. ನಕ್ಷೆ ನೋಡಿ ಮನೆಗಳಿಗೆ ಹೋಗಬೇಕು. ಒಳಗೆ ಹೊಕ್ಕು ಕೋಣೆ ಕೋಣೆ ಸುತ್ತಬೇಕು. ಮಾತು ಅರ್ಥವಾಗದಿದ್ದರೆ ಇಡೀ ಸಂಭಾಷಣೆಯ ಪಠ್ಯವನ್ನೋ, ಬರೀ ಮುಖ್ಯ ಪದಗಳನ್ನೋ ತೆರೆಯ ಮೇಲೆ ತರಿಸಿಕೊಳ್ಳಬಹುದಿತ್ತು. ಬೈಯುವವರು ಯಾರೂ ಇಲ್ಲ. ಹತ್ತು ಸಲ ಕೇಳಿದರೂ ಫಿಲಿಪ್‌ಗೆ ಬೇಸರವಿಲ್ಲ.

ಪ್ಯಾರಿಸ್‌ನ ಮನೆ ಜಾಹೀರಾತು ಓದುವುದು ವ್ಯಾಕರಣ ಬಲ್ಲವರಿಗೂ ಸುಲಭವಲ್ಲ. ಎರಡು ‘ಪ್ಯೆಸ್’ ಎಂದರೆ ಎರಡು ಮಲಗುವ ಕೋಣೆ ಎಂದು ತಿಳಿದರೆ ಕೆಟ್ಟಿರಿ. ಕೂರುವ ಕೋಣೆಯೂ ಸೇರಿ ಒಟ್ಟು ಎರಡೇ. ಅಡುಗೆಮನೆ, ಬಚ್ಚಲುಮನೆ ಲೆಕ್ಕಕ್ಕಿಲ್ಲ. ‘ಮೊದಲ ಮಹಡಿ’ ಎಂದರೆ ಅಮೆರಿಕದ ಹುಡುಗನಿಗೆ ನೆಲಮಟ್ಟದ ಮನೆ. ಫ್ರೆಂಚರಿಗೆ ಅದು ಮೆಟ್ಟಿಲು ಹತ್ತಿದ ಮೇಲಿನದು. ಈ ಒಂದು ವಿಷಯದಲ್ಲಿ ಬೆಂಗಳೂರಿನ ಹುಡುಗ ಬಾಸ್ಟನ್ನಿನವನಿಗಿಂತ ಮುಂದೆ. ನಮ್ಮ ಲೆಕ್ಕವೂ ಫ್ರೆಂಚರ ಲೆಕ್ಕವೇ. ಪದಕೋಶದಲ್ಲಿ ಸಿಗದ ಇಂಥ ಅರ್ಥಗಳು ಬೀದಿಗಿಳಿದಾಗಲೇ ಎದುರಾಗುವುದು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದೊಂದು ಜಾಣ ಆಟಿಕೆಯ ವರ್ಣನೆಯಾದೀತು. ನಿಜವಾದ ಜಾಣ್ಮೆ ಇದ್ದದ್ದು ಯಂತ್ರದ ಹೊರಗೆ. ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದದ್ದರಿಂದ ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿದಿರುವುದಿಲ್ಲ. ಮಾರನೆಯ ದಿನ ತರಗತಿಯಲ್ಲಿ ಕುಳಿತಾಗ ಮಾತಾಡಲು ನಿಜವಾದ ಕಾರಣವಿರುತ್ತದೆ. ನೀನು ನೋಡಿದ ಮನೆ ಹೇಗಿತ್ತು, ಬಾಡಿಗೆ ಎಷ್ಟು, ಎಲಿಜಬೆತ್ ಏನಂದಳು, ಫಿಲಿಪ್ ಅವಳ ಬಳಿಗೆ ಹೋಗುವುದು ಒಳ್ಳೆಯದೇ? ಎಲ್ಲರಿಗೂ ಗೊತ್ತಿರುವ ಉತ್ತರವನ್ನೇ ಮೇಷ್ಟ್ರು ಕೇಳುವ, ಎಲ್ಲರೂ ಒಪ್ಪಿಸುವ ಆಟ ಅಲ್ಲಿಗೆ ಮುಗಿಯಿತು. ವಾದಿಸಲು, ವಿವರಿಸಲು, ಬರೆದು ತಿಳಿಸಲು ಏನೋ ಒಂದು ಸಿಕ್ಕಿತು. ಚಿತ್ರ ಬಂದು ಮಾತನ್ನು ಓಡಿಸಲಿಲ್ಲ. ಮಾತಿಗೆ ಕೆಲಸ ಕೊಟ್ಟಿತು.

1993ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ಫಿಲಿಪ್‌ನನ್ನು ಪ್ರಕಟಿಸಿತು. ಎಂ.ಐ.ಟಿ.ಯ ಆಚೆಗಿನ ತರಗತಿಗಳಲ್ಲೂ ಅವನಿಗೆ ಮನೆ ಹುಡುಕುವ ಕೆಲಸ ಶುರುವಾಯಿತು.

ಇನ್ನೂ ಮೂರು ಬೀದಿಗಳು

ಫಿಲಿಪ್‌ಗೆ ಸ್ಪ್ಯಾನಿಷ್ ಭಾಷೆಯಲ್ಲಿ ಒಬ್ಬ ಸೋದರನಿದ್ದ. ಡಗ್ಲಸ್ ಮಾರ್ಗನ್‌ಸ್ಟರ್ನ್ ಅವರು ಕೊಲಂಬಿಯಾದ ಬೊಗೋಟಾ ನಗರದಲ್ಲಿ ಚಿತ್ರೀಕರಿಸಿದ ‘ನೋ ರೆಕುವೆರ್ದೊ’. ‘ನನಗೆ ನೆನಪಿಲ್ಲ’ ಎಂದರ್ಥ. ನೆನಪು ಕಳೆದುಕೊಂಡ ವಿಜ್ಞಾನಿಯೊಬ್ಬನ ಹಿಂದೆ ವಿದ್ಯಾರ್ಥಿ ಬೀಳುವ ಕತೆ. ವ್ಯಾಕರಣದ ದೃಷ್ಟಿಯಿಂದಲೂ ಇದು ಅನುಕೂಲ: ಮರೆತವನಿಗೆ ನೆನಪು ತರಿಸಬೇಕಾದರೆ ಭೂತಕಾಲವನ್ನು ಬಳಸದೆ ಗತಿಯಿಲ್ಲ.

ಮುಂದಿನ ಯೋಜನೆಗಳಲ್ಲಿ ಕಟ್ಟುಕತೆ ಹಿಂದೆ ಸರಿದು ನಿಜವಾದ ಜನ ಬಂದರು. ಫರ್ಸ್ಟೆನ್‌ಬರ್ಗ್ ಅವರ ‘ದಾಂಜ್ ಅಂ ಕಾರ್ತಿಯೆ ದ ಪಾರಿ’, 1999ರಲ್ಲಿ ಸಿ.ಡಿ.ಯಾಗಿ ಪ್ರಕಟವಾದದ್ದು, ಪ್ಯಾರಿಸ್‌ನ ಸೇಂಟ್ ಜೆರ್ವೇ ಎಂಬ ಹಳೆಯ ಬಡಾವಣೆಯ ಬೀದಿ, ಅಂಗಡಿ, ನಿವಾಸಿಗಳ ನಡುವೆ ವಿದ್ಯಾರ್ಥಿಯನ್ನು ಅಲೆಯಲು ಬಿಡುತ್ತದೆ. ಎಲೆನ್ ಕ್ರಾಕರ್ ಮತ್ತು ಕುರ್ಟ್ ಫೆಂಟ್ ಅವರ ‘ಬರ್ಲಿನರ್ ಜೇಎನ್’ ಜರ್ಮನ್ ಕಲಿಯುವವರಿಗೆ. 1989ರಲ್ಲಿ ಗೋಡೆ ಬಿದ್ದ ಮೇಲಿನ ಬರ್ಲಿನ್. ಪಶ್ಚಿಮದ ಶಾರ್ಲೊಟೆನ್‌ಬುರ್ಗ್, ಪೂರ್ವದ ಪ್ರೆನ್ಸ್‌ಲೌವರ್ ಬೆರ್ಗ್ ಎಂಬ ಎರಡು ಬಡಾವಣೆಗಳು. ಅಲ್ಲಿ ಬದುಕಿ ಬಾಳಿದವರ ಮಾತು, ಹಳೆಯ ಭಾವಚಿತ್ರ, ಕಾಗದಪತ್ರ. ಗೋಡೆಯ ಈ ಬದಿಯವರಿಗೂ ಆ ಬದಿಯವರಿಗೂ ಒಂದೇ ಊರು ಎರಡು ಬಗೆಯಾಗಿ ಕಂಡಿತ್ತು. ವಿದ್ಯಾರ್ಥಿ ಇವುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು, ಜೋಡಿಸಬೇಕು, ತನ್ನದೇ ಒಂದು ಬರ್ಲಿನ್ ಕತೆ ಕಟ್ಟಬೇಕು.

ಇಲ್ಲೊಂದು ಹೆಜ್ಜೆ ಮುಂದೆ ಬಿತ್ತು. ಫಿಲಿಪ್‌ನ ಕತೆಯಲ್ಲಿ ವಿದ್ಯಾರ್ಥಿ ಆಯ್ಕೆ ಮಾಡುವವನು. ಬರ್ಲಿನ್‌ನಲ್ಲಿ ಅವನು ಬರೆಯುವವನು, ಸಂಪಾದಿಸುವವನು. ಇದನ್ನು ಬಿಟ್ಟು ಅದನ್ನೇಕೆ ಇಟ್ಟೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವನು. ಪ್ರಬಂಧ ಬರೆಯುವುದೆಂದರೆ ಇದೇ ಅಲ್ಲವೇ?

ಒಂದು ಪದ, ಎರಡು ಅರ್ಥ

ಈ ಸರಣಿಯಲ್ಲಿ ಅತ್ಯಂತ ಸರಳವಾದದ್ದು ಇನ್ನೊಂದಿದೆ. ಅದೇ ಹೆಚ್ಚು ದೂರ ಹೋಯಿತು. 1997ರಲ್ಲಿ ಫರ್ಸ್ಟೆನ್‌ಬರ್ಗ್ ಮತ್ತು ಸಂಗಡಿಗರು ಶುರುಮಾಡಿದ ‘ಕುಲ್ತುರಾ’ ಯೋಜನೆಯಲ್ಲಿ ನಟರಿಲ್ಲ, ತಟ್ಟೆಯಿಲ್ಲ. ಎಂ.ಐ.ಟಿ.ಯಲ್ಲಿ ಫ್ರೆಂಚ್ ಕಲಿಯುವವರನ್ನೂ ಫ್ರಾನ್ಸಿನಲ್ಲಿ ಇಂಗ್ಲಿಷ್ ಕಲಿಯುವವರನ್ನೂ ಅಂತರಜಾಲ ಜೋಡಿಸಿತು. ಎರಡೂ ಗುಂಪಿಗೆ ಒಂದೇ ಬಗೆಯ ಪ್ರಶ್ನೆಗಳು, ಅವರವರ ಭಾಷೆಯಲ್ಲಿ.

ಮೊದಲನೆಯದು ಬಿಡಿ ಪದಗಳು: ಕುಟುಂಬ, ಸ್ವಾತಂತ್ರ್ಯ, ಪೊಲೀಸ್, ವ್ಯಕ್ತಿವಾದ. ಕೇಳಿದ ಕೂಡಲೇ ಮನಸ್ಸಿಗೆ ಏನು ಬರುತ್ತದೆ? ಎರಡನೆಯದು ಅರ್ಧ ವಾಕ್ಯಗಳು: ಒಳ್ಳೆಯ ತಂದೆ ತಾಯಿ ಎಂದರೆ..., ಒಳ್ಳೆಯ ವಿದ್ಯಾರ್ಥಿ ಎಂದರೆ... ಮೂರನೆಯದು ಸಂದರ್ಭಗಳು: ಅಂಗಡಿಯಲ್ಲಿ ತಾಯಿಯೊಬ್ಬಳು ಮಗುವಿಗೆ ಹೊಡೆಯುತ್ತಾಳೆ, ನೀವೇನು ಮಾಡುತ್ತೀರಿ? ಪರೀಕ್ಷೆಯಲ್ಲಿ ಪಕ್ಕದವನು ಕಾಪಿ ಹೊಡೆಯುತ್ತಿದ್ದಾನೆ? ಸರದಿಯಲ್ಲಿ ನಿಂತಿದ್ದೀರಿ, ಒಬ್ಬ ಮುಂದೆ ನುಗ್ಗುತ್ತಾನೆ?

ಪ್ರತಿಯೊಬ್ಬರೂ ತಮ್ಮ ಸ್ವಂತ ಭಾಷೆಯಲ್ಲೇ ಉತ್ತರಿಸಬೇಕು. ಭಾಷಾ ತರಗತಿಯಲ್ಲಿ ಇದೆಂಥ ನಿಯಮ ಎಂದು ಕೇಳಬಹುದು. ಆದರೆ ಅರೆಬರೆ ಕಲಿತ ಭಾಷೆಯಲ್ಲಿ ಮನುಷ್ಯ ತನಗೆ ಬರುವಷ್ಟನ್ನು ಹೇಳುತ್ತಾನೆಯೇ ಹೊರತು ಹೇಳಬೇಕಾದ್ದನ್ನು ಹೇಳುವುದಿಲ್ಲ. ಇಲ್ಲಿ ಎರಡೂ ಕಡೆಯವರು ಮನಬಿಚ್ಚಿ ಬರೆದರು. ಎದುರಿನವರಿಗೆ ಓದಲು ಅಸಲಿ ಭಾಷೆ ಸಿಕ್ಕಿತು. ಆಮೇಲೆ ಎರಡೂ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು.

ನೋಡಿದರೆ ಏನು? ‘ವ್ಯಕ್ತಿವಾದ’ ಎಂಬುದಕ್ಕೆ ಅಮೆರಿಕದ ಹುಡುಗರು ಸ್ವಾತಂತ್ರ್ಯ, ಸ್ವಾವಲಂಬನೆ, ಸೃಜನಶೀಲತೆ ಎಂಬ ಧಾಟಿಯಲ್ಲಿ ಬರೆದಿದ್ದರೆ, ಫ್ರೆಂಚರು ಸ್ವಾರ್ಥ, ಒಂಟಿತನ ಎಂದು ಬರೆದಿದ್ದರು. ಅಕ್ಷರಗಳೂ ಹೆಚ್ಚುಕಡಿಮೆ ಅವೇ, ನಿಘಂಟಿನ ಅರ್ಥವೂ ಅದೇ. ಆದರೆ ಒಬ್ಬರಿಗೆ ಹೊಗಳಿಕೆ, ಇನ್ನೊಬ್ಬರಿಗೆ ಬೈಗುಳ. ಯಾವ ಪಠ್ಯಪುಸ್ತಕವೂ ಇದನ್ನು ಇಷ್ಟು ಚೆನ್ನಾಗಿ ಹೇಳಿಕೊಡಲಾರದು. ಹುಡುಗರು ಪರಸ್ಪರ ಪ್ರಶ್ನೆ ಬರೆದರು. ಹೀಗೇಕೆ ಎಂದು ಕೇಳಿದರು. ಚಲನಚಿತ್ರ, ಪತ್ರಿಕೆ, ಜನಗಣತಿಯ ಅಂಕಿ ಅಂಶಗಳಲ್ಲಿ ಆಧಾರ ಹುಡುಕಿದರು. ತಾವು ಕಂಡುಕೊಂಡದ್ದನ್ನು ಕಲಿಯುತ್ತಿದ್ದ ಭಾಷೆಯಲ್ಲಿ ಪ್ರಬಂಧವಾಗಿ ಬರೆದರು. ಈ ಮಾದರಿ ಮುಂದೆ ಜರ್ಮನ್, ಸ್ಪ್ಯಾನಿಷ್, ರಷ್ಯನ್ ತರಗತಿಗಳಿಗೂ ಹಬ್ಬಿತು.

ಮಾತಾಡುವ ಯಂತ್ರದ ಮನೆ

ಹದಿನಾಲ್ಕನೆಯ ಕಟ್ಟಡದಿಂದ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ವಾಸರ್ ಬೀದಿಯಲ್ಲಿ ಸ್ಟಾಟಾ ಕೇಂದ್ರ ಸಿಗುತ್ತದೆ. ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ, 2004ರಲ್ಲಿ ತೆರೆದ ಈ ಕಟ್ಟಡದ ಗೋಡೆಗಳು ಭೂಕಂಪದ ನಡುವೆ ನಿಂತುಬಿಟ್ಟಂತೆ ವಾಲಿವೆ. ಇಲ್ಲಿ ಮೊದಲಿದ್ದದ್ದು ಇಪ್ಪತ್ತನೆಯ ಕಟ್ಟಡ. 1943ರಲ್ಲಿ ಯುದ್ಧದ ಅವಸರದಲ್ಲಿ, ರಾಡಾರ್ ಸಂಶೋಧನೆಗೆಂದು ಎಬ್ಬಿಸಿದ ತಾತ್ಕಾಲಿಕ ಮರದ ಕಟ್ಟಡ. ಆ ‘ತಾತ್ಕಾಲಿಕ’ 1998ರವರೆಗೆ ಬಾಳಿತು! ನೋಮ್ ಚಾಮ್‌ಸ್ಕಿ ಭಾಷಾವಿಜ್ಞಾನದ ದಿಕ್ಕು ಬದಲಿಸಿದ್ದು ಅದರ ಕಿರುಗುಟ್ಟುವ ನೆಲದ ಮೇಲೆ ಕುಳಿತು. ಭಾಷಾವಿಜ್ಞಾನ ವಿಭಾಗ ಈಗಲೂ ಅದೇ ಜಾಗದಲ್ಲಿ, ಹೊಸ ಕಟ್ಟಡದಲ್ಲಿದೆ. ಅದರ ನೆರೆಮನೆ ಕಂಪ್ಯೂಟರ್ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯ.

ಈ ಆವರಣದಲ್ಲಿ ನೆನೆಯಬೇಕಾದ ಇನ್ನೊಬ್ಬರು ಜೋಸೆಫ್ ವೈಜೆನ್‌ಬಾಮ್. 1966ರಲ್ಲಿ ಅವರು ‘ಎಲೈಜಾ’ ಎಂಬ ಪ್ರೋಗ್ರಾಂ ಪ್ರಕಟಿಸಿದರು. ನಾವು ಟೈಪು ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವ ಯಂತ್ರ ಅದು. ‘ನನಗೆ ಬೇಸರ’ ಎಂದರೆ ‘ಎಷ್ಟು ದಿನದಿಂದ ಬೇಸರ?’ ಎಂಬ ಧಾಟಿ. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಅದರೊಡನೆ ಮಾತಿಗೆ ಕುಳಿತ ವೈಜೆನ್‌ಬಾಮ್ ಅವರ ಕಾರ್ಯದರ್ಶಿ, ಸ್ವಲ್ಪ ಹೊತ್ತಿನಲ್ಲೇ ಅವರನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರಂತೆ; ಸ್ವಂತ ವಿಷಯ ಮಾತಾಡುವುದಿತ್ತು! ವೈಜೆನ್‌ಬಾಮ್ ಬೆಚ್ಚಿದರು. ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳೂ ಇವೆ ಎಂದು ವಾದಿಸುವ ಪುಸ್ತಕವನ್ನು 1976ರಲ್ಲಿ ಬರೆದರು.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಈ ಹಳೆಯ ಕತೆಗೆ ಹೊಸ ಬಿಸಿ ಬಂದಿದೆ. ಇಂದಿನ ವಿದ್ಯಾರ್ಥಿ ಪ್ರಬಂಧವನ್ನು ಯಂತ್ರದಿಂದ ಬರೆಸಬಲ್ಲ, ಅದಕ್ಕೆ ತಕ್ಕ ಚಿತ್ರವನ್ನೂ ಮಾಡಿಸಬಲ್ಲ. ಹಾಗಿದ್ದ ಮೇಲೆ ಬರೆಯಲು ಯಾಕೆ ಕಲಿಯಬೇಕು ಎಂದು ಮಗ ಕೇಳಿದರೆ ಅಪ್ಪನ ಬಳಿ ಉತ್ತರವಿರಬೇಕಲ್ಲ?

ಉತ್ತರ ಬೇಕಿದ್ದರೆ ಹದಿನಾಲ್ಕನೆಯ ಕಟ್ಟಡದ ಕತೆಯಲ್ಲಿ ಹುಡುಕಬಹುದು. ಫಿಲಿಪ್‌ಗೆ ಮನೆ ಸಿಕ್ಕಿತೋ ಇಲ್ಲವೋ, ಅದರಿಂದ ಪ್ಯಾರಿಸ್‌ಗೇನೂ ಆಗಬೇಕಿರಲಿಲ್ಲ. ಹುಡುಕಿದವನಿಗೆ ಭಾಷೆ ಬಂತು. ಬರ್ಲಿನ್‌ನ ಬಗ್ಗೆ ಹುಡುಗರು ಕಟ್ಟಿದ ಕತೆಗಳಿಗಾಗಿ ಯಾರೂ ಕಾದಿರಲಿಲ್ಲ. ಕಟ್ಟುವಾಗ ಯೋಚಿಸುವುದು ಬಂತು. ತರಗತಿಯ ಪ್ರಬಂಧ ಲೋಕಕ್ಕೆ ಬೇಕೆಂದು ಯಾರೂ ಬರೆಸುವುದಿಲ್ಲ. ಬರೆದವನಿಗೆ ಬೇಕೆಂದು ಬರೆಸುತ್ತಾರೆ. ಇನ್ನೊಬ್ಬರು ಮಾಡಿದ ವ್ಯಾಯಾಮದಿಂದ ನಮ್ಮ ಮೈ ಗಟ್ಟಿಯಾಗುವುದಿಲ್ಲ.

ತಟ್ಟೆ ಹೋಯಿತು, ಪಾಠ ಉಳಿಯಿತು

ವಿಡಿಯೋ ಡಿಸ್ಕಿನ ಕಾಲ ಮುಗಿದಿದೆ. ಅದನ್ನು ನುಡಿಸುವ ಯಂತ್ರಗಳ ತಯಾರಿಕೆಯನ್ನು ಪಯೋನಿಯರ್ ಕಂಪನಿ 2009ರಲ್ಲಿ ನಿಲ್ಲಿಸಿತು. ಸಿ.ಡಿ. ಹಾಕುವ ಕಿಂಡಿ ಇಂದಿನ ಕಂಪ್ಯೂಟರುಗಳಲ್ಲಿ ಅಪರೂಪ. ಇದನ್ನು ಕಂಡು ಮರುಗಬೇಕಿಲ್ಲ, ಆದರೆ ನೆನಪಿಡಬೇಕು. ‘ನಮ್ಮಲ್ಲಿ ಸ್ಮಾರ್ಟ್ ತರಗತಿಯಿದೆ, ಬಹುಮಾಧ್ಯಮ ಪ್ರಯೋಗಾಲಯವಿದೆ’ ಎಂದು ಹೊಳೆಯುವ ಕಾಗದದಲ್ಲಿ ಅಚ್ಚುಹ���ಕಿಸುವ ಕಾಲೇಜುಗಳನ್ನು ನೋಡಲು ಹೋದಾಗ ಯಂತ್ರಗಳ ಎಣಿಕೆ ಕೇಳಬೇಡಿ. ಆ ಯಂತ್ರದ ಮುಂದೆ ಕುಳಿತ ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿ. ಬರೀ ನೋಡುತ್ತಾಳೋ, ಏನನ್ನಾದರೂ ಕಟ್ಟುತ್ತಾಳೋ? ಕಟ್ಟಿದ್ದನ್ನು ಯಾರು ಓದುತ್ತಾರೆ? ತಿದ್ದಿ ಮತ್ತೆ ಬರೆಯಲು ಹೇಳುವವರು ಇದ್ದಾರೋ?

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯದಲ್ಲೂ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಹೊರಗಿನಿಂದ ಬಂದವರಿಗೆ ‘ಬಳಕೆ ಕನ್ನಡ’ ಎಂಬ ಪುಟ್ಟ ಪಾಠಗಳು ಬಂದಿವೆ. ಬಿಹಾರದಿಂದಲೋ ಕೇರಳದಿಂದಲೋ ಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹುಡುಕುವುದು ಕಟ್ಟುಕತೆಯಲ್ಲ, ನಿತ್ಯದ ಪಾಡು. ಅವನ ಜೇಬಿನಲ್ಲಿರುವ ಮೊಬೈಲಿಗೆ ಅಥೀನಾದ ಯಂತ್ರಗಳಿಗಿಂತ ಹೆಚ್ಚು ಶಕ್ತಿಯಿದೆ. ಮನೆಯ ಮಾಲೀಕರೊಡನೆ ಕನ್ನಡದಲ್ಲಿ ಮಾತಾಡಿ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡು, ಬೀದಿಯ ನಾಲ್ಕು ಚಿತ್ರ ತೆಗೆದು, ಕೆಳಗೆ ತಾನೇ ನಾಲ್ಕು ಸಾಲು ಬರೆದು ತರಗತಿಗೆ ತಂದರೆ ಅದೇ ಒಂದು ‘ಫಿಲಿಪ್’ ಆದೀತು. ಖರ್ಚು ಏನೂ ಇಲ್ಲ. ಬೇಕಾದದ್ದು ಕೇಳುವ ಮೇಷ್ಟ್ರು.

ಕೇಂಬ್ರಿಜ್‌ಗೆ ಹೋಗುವವರಿಗೆ ಒಂದೆರಡು ಮಾತು. ಬಾಸ್ಟನ್ ವಿಮಾನ ನಿಲ್ದಾಣದಿಂದ ಸಿಲ್ವರ್ ಲೈನ್ ಬಸ್ಸಿನಲ್ಲಿ ಸೌತ್ ಸ್ಟೇಷನ್‌ಗೆ ಬಂದು, ಅಲ್ಲಿಂದ ರೆಡ್ ಲೈನ್ ರೈಲಿನಲ್ಲಿ ಕೆಂಡಾಲ್ ನಿಲ್ದಾಣದಲ್ಲಿ ಇಳಿದರೆ ಎಂ.ಐ.ಟಿ. ಎದುರಿಗೇ. ನಿಲ್ದಾಣದ ಬಳಿಯೇ 2022ರಲ್ಲಿ ಹೊಸ ಜಾಗದಲ್ಲಿ ತೆರೆದ ಎಂ.ಐ.ಟಿ. ವಸ್ತುಸಂಗ್ರಹಾಲಯವಿದೆ. ಕಟ್ಟಡಗಳ ಒಳಗೆ ಎಲ್ಲ ಹೊತ್ತಿನಲ್ಲೂ ಹೊರಗಿನವರಿಗೆ ಪ್ರವೇಶವಿರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಅಷ್ಟು ದೂರ ಹೋಗಲಾಗದವರಿಗೂ ಬಾಗಿಲು ಮುಚ್ಚಿಲ್ಲ. ಎಂ.ಐ.ಟಿ. ತನ್ನ ಪಾಠಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಹಂಚುವುದಾಗಿ 2001ರಲ್ಲಿ ಸಾರಿತು. ಭಾಷೆ ಮತ್ತು ಬರವಣಿಗೆಯ ಪಾಠಗಳೂ ಅದರಲ್ಲಿವೆ.

ಇನ್ನು ಕುಲ್ತುರಾದ ಪ್ರಶ್ನೆಗಳಿಗಂತೂ ಅಂತರಜಾಲವೂ ಬೇಡ. ಈ ಭಾನುವಾರ ಊಟವಾದ ಮೇಲೆ ಎರಡು ಹಾಳೆ ತೆಗೆದುಕೊಳ್ಳಿ. ‘ಒಳ್ಳೆಯ ವಿದ್ಯಾರ್ಥಿ ಎಂದರೆ...’, ‘ಒಳ್ಳೆಯ ತಂದೆ ತಾಯಿ ಎಂದರೆ...’ ಎಂದು ಎರಡರಲ್ಲೂ ಬರೆಯಿರಿ. ಒಂದನ್ನು ಅಪ್ಪ-ಅಮ್ಮ ತುಂಬಲಿ, ಇನ್ನೊಂದನ್ನು ಮಕ್ಕಳು. ಒಬ್ಬರದು ಇನ್ನೊಬ್ಬರು ನೋಡದಂತೆ. ಆಮೇಲೆ ಹಾಳೆಗಳನ್ನು ಅದಲು ಬದಲು ಮಾಡಿಕೊಂಡು ಓದಿ. ಮಾತಿಗೂ ಬರವಣಿಗೆಗೂ ಬೇಕಾದಷ್ಟು ವಿಷಯ ಅಲ್ಲೇ ಸಿಗುತ್ತದೆ.